ಡ್ರಮ್ಮಿನ ಮೇಲಷ್ಟೇ ಉಳಿದ ಹೆಸರು

‘ಗುಮ್‌ನಾಮ್’ ಸಿನಿಮಾ ನೋಡಿದ ಹಿರಿಯರು ಗಡಿಭಾಗದ ಯಾವ ಊರಿನಲ್ಲಾದರೂ ಸಿಗುತ್ತಾರೆ. 1965ರ ಚಿತ್ರ. ಮೆಹಮೂದ್‌ನ ಹೈದರಾಬಾದಿ ದಖನಿ ಮಾತು ನೆನೆದು ಈಗಲೂ ನಗುತ್ತಾರೆ. ಆ ಭಾಷೆ ಸೊಲ್ಲಾಪುರ, ಬೀದರ, ಜಹೀರಾಬಾದ ಕಡೆಯವರಿಗೆ ಹೊರಗಿನದೇನೂ ಅಲ್ಲ, ಸಂತೆಯಲ್ಲಿ ದಿನಾ ಕೇಳುವಂಥದ್ದು. ಮನೋಜ್ ಕುಮಾರ್, ಪ್ರಾಣ್, ಹೆಲೆನ್ ಎಲ್ಲರ ಹೆಸರೂ ಬಾಯಿಪಾಠ. ನಾಯಕಿ ನಂದಾ ಅಂತೂ ಮಾಸ್ಟರ್ ವಿನಾಯಕರ ಮಗಳು, ಕೊಲ್ಹಾಪುರದ ಹುಡುಗಿ ಅಂತ ಇನ್ನೊಂದು ಹೆಮ್ಮೆ.

ಆದರೆ ಅದೇ ಚಿತ್ರದ ಮೊದಲ ಹಾಡಿನಲ್ಲಿ ಗಿಟಾರು, ಡ್ರಮ್ಮು ಹಿಡಿದು ನಿಂತ ಹುಡುಗರು ಯಾರು ಅಂತ ಕೇಳಿ ನೋಡ್ರಿ. ‘ಯಾರೋ ಬ್ಯಾಂಡಿನವರು’ ಅಂತಾರೆ. ಉತ್ತರ ಪರದೆಯ ಮೇಲೇ ಇದೆ. ದೊಡ್ಡ ಡ್ರಮ್ಮಿನ ಚರ್ಮದ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದಾರೆ: ‘ಟೆಡ್ ಲಯನ್ಸ್ ಆ್ಯಂಡ್ ಹಿಸ್ ಕಬ್ಸ್’. ಲಯನ್ಸ್ ಎಂಬುದು ಮನೆತನದ ಹೆಸರು, ಕೇಳುವುದಕ್ಕೆ ಸಿಂಹದ ಹಾಗೆ. ಹಾಗಾಗಿ ಸಂಗಡಿಗರು ಸಿಂಹದ ಮರಿಗಳು. ಹೆಸರಿಟ್ಟವರಿಗೆ ತಮಾಷೆ ಗೊತ್ತಿತ್ತು.

ಹಾಡು ‘ಜಾನ್ ಪೆಹಚಾನ್ ಹೋ’. ಪರಿಚಯ ಆಗಲಿ ಎನ್ನುವ ಮಾತಿನಿಂದಲೇ ಶುರುವಾಗುವ ಹಾಡು. ಹಾಡಿಗೆ ಜಗತ್ತಿನ ತುಂಬ ಪರಿಚಯವಾಯಿತು. ಈ ಹುಡುಗರಿಗೆ ಮಾತ್ರ ಆಗಲಿಲ್ಲ.

ಬೀಟಲ್ಸ್ ಗಾಳಿ

ಕಥೆ ತಿಳಿಯಬೇಕಾದರೆ ಒಂದು ವರ್ಷ ಹಿಂದಕ್ಕೆ ಹೋಗಬೇಕು. ಇಂಗ್ಲೆಂಡಿನ ಲಿವರ್‌ಪೂಲ್ ಬಂದರಿನ ನಾಲ್ವರು ಹುಡುಗರ ಬೀಟಲ್ಸ್ ತಂಡದ ‘ಐ ವಾಂಟ್ ಟು ಹೋಲ್ಡ್ ಯುವರ್ ಹ್ಯಾಂಡ್’ 1964ರ ಫೆಬ್ರುವರಿ 1ರಂದು ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂತು. ಫೆಬ್ರುವರಿ 9ರಂದು ಎಡ್ ಸಲಿವನ್‌ನ ಟಿವಿ ಕಾರ್ಯಕ್ರಮದಲ್ಲಿ ತಂಡ ಹಾಡಿದಾಗ ನೋಡಿದವರು ಸುಮಾರು 7 ಕೋಟಿ 30 ಲಕ್ಷ ಮಂದಿ. ಹಣೆ ಮುಚ್ಚುವ ಮುಂಗೂದಲು, ಒಂದೇ ಥರದ ಸೂಟು, ಎರಡು ಮೂರು ಕಂಠ ಒಟ್ಟಿಗೆ ಸೇರಿ ಏರುವ ಕೂಗು. ಅಂದಿನಿಂದ ಗಿಟಾರು ಹಿಡಿದ ಹುಡುಗರಿಗೆಲ್ಲ ಅದೇ ಮಾದರಿಯಾಯಿತು. ಬಾಡಿಗೆಗೆ ಬ್ಯಾಂಡು ಕರೆಯುವ ಹೋಟೆಲಿನವರೂ ‘ಅವರ ಥರ ಬಾರಿಸ್ತೀರಾ?’ ಅನ್ನುವುದನ್ನೇ ಮೊದಲು ಕೇಳುವ ಕಾಲ ಬಂತು.

ನಕಲು ಅಂತ ಸುಮ್ಮನೆ ಮೂಗು ಮುರಿಯುವ ಹಾಗಿಲ್ಲ. ಅದರ ಒಂದು ಉದಾಹರಣೆ ಅಮೆರಿಕದಲ್ಲೇ ಇದೆ. ನ್ಯೂಜೆರ್ಸಿಯ ಬರ್ಗನ್‌ಫೀಲ್ಡ್ ಎಂಬ ಊರಿನ ಬೋ ಚಾರ್ಲ್ಸ್, ಜಾನ್ ಚಾರ್ಲ್ಸ್ ಅಣ್ಣತಮ್ಮಂದಿರು 1960ರ ದಶಕದ ಆರಂಭದಲ್ಲಿ ಒಂದು ತಂಡ ಕಟ್ಟಿದರು. ಊರ ಹತ್ತಿರದ ರಸ್ತೆಯೊಂದರ ಹೆಸರನ್ನೇ ಎತ್ತಿಕೊಂಡು ‘ದಿ ನಿಕರ್‌ಬಾಕರ್ಸ್’ ಎಂದಿಟ್ಟರು. ಸ್ಯಾಕ್ಸೊಫೋನ್ ಮತ್ತು ಹಾಡಿಗೆ ಬಡಿ ರಾಂಡೆಲ್, ಡ್ರಮ್ಮಿಗೆ ಜಿಮ್ಮಿ ವಾಕರ್. ಹೊಸಬರೇನಲ್ಲ. ರಾಂಡೆಲ್ 1958ರಲ್ಲಿ ‘ಶಾರ್ಟ್ ಶಾರ್ಟ್ಸ್’ ಎಂಬ ಹಾಡಿನಿಂದ ಹೆಸರು ಮಾಡಿದ್ದ ರಾಯಲ್ ಟೀನ್ಸ್ ತಂಡದಲ್ಲಿದ್ದವನು. ಜೆರಿ ಫುಲ್ಲರ್ ಎಂಬ ನಿರ್ಮಾಪಕನ ಕಣ್ಣಿಗೆ ಬಿದ್ದು ಚಾಲೆಂಜ್ ಎಂಬ ರೆಕಾರ್ಡ್ ಕಂಪನಿ ಸೇರಿದರು.

ಕಂಠ ಇತ್ತು, ಕೈಚಳಕ ಇತ್ತು, ಹಿಟ್ ಇರಲಿಲ್ಲ. ಕಡೆಗೆ ಬೋ ಚಾರ್ಲ್ಸ್ ಮತ್ತು ರಾಂಡೆಲ್ ಕೂಡಿ ಬೀಟಲ್ಸ್ ಧಾಟಿಯಲ್ಲೇ ಒಂದು ಹಾಡು ಕಟ್ಟಿದರು. ಹೆಸರು ‘ಲೈಸ್’, ಅಂದರೆ ಸುಳ್ಳುಗಳು. 1965ರ ಕೊನೆಗೆ ಮಾರುಕಟ್ಟೆಗೆ ಬಂತು. ರೇಡಿಯೊ ಕೇಳಿದವರು ಇದು ಬೀಟಲ್ಸ್‌ನದೇ ಹೊಸ ಹಾಡು, ಬೇರೆ ಹೆಸರಿನಲ್ಲಿ ಬಿಟ್ಟಿದ್ದಾರೆ ಅಂತ ಮಾತಾಡಿಕೊಂಡರು. ಅಷ್ಟು ತದ್ರೂಪ. 1966ರ ಆರಂಭದಲ್ಲಿ ಅಮೆರಿಕದ ಪಟ್ಟಿಯಲ್ಲಿ 20ನೇ ಸ್ಥಾನ ಮುಟ್ಟಿತು.

ತೊಂದರೆ ಶುರುವಾದದ್ದೂ ಅಲ್ಲಿಂದಲೇ. ಹಾಡು ಚೆನ್ನಾಗಿದೆ ಅಂದವರು ಬೀಟಲ್ಸ್‌ಗೆ ಚಪ್ಪಾಳೆ ಹೊಡೆದರು. ಬೀಟಲ್ಸ್ ಅಲ್ಲ ಅಂತ ಗೊತ್ತಾದ ಮೇಲೆ ಕುತೂಹಲ ಇಳಿಯಿತು. ಮುಂದಿನ ‘ಒನ್ ಟ್ರ್ಯಾಕ್ ಮೈಂಡ್’ 46ಕ್ಕೆ ನಿಂತಿತು, ಅದರ ಮುಂದಿನ ‘ಹೈ ಆನ್ ಲವ್’ 94ಕ್ಕೆ. ವಾಕರ್ 1968ರಲ್ಲಿ ರೈಟಿಯಸ್ ಬ್ರದರ್ಸ್ ಜೋಡಿಯಲ್ಲಿ ಬಿಲ್ ಮೆಡ್ಲಿಯ ಜಾಗಕ್ಕೆ ಹೋದ. ಅಲ್ಲೂ ಇನ್ನೊಬ್ಬರ ಜಾಗವೇ! ತಂಡ ಮುಗಿಯಿತು. 1972ರಲ್ಲಿ ಲೆನ್ನಿ ಕೇ ಎಂಬಾತ ಇಂಥ ಮರೆತ ತಂಡಗಳ ಹಾಡು ಹೆಕ್ಕಿ ‘ನಗೆಟ್ಸ್’ ಎಂಬ ಸಂಕಲನ ಮಾಡಿದ. ಅದರಲ್ಲಿ ‘ಲೈಸ್’ ಸೇರಿದ್ದರಿಂದ ಹಳೆ ಹಾಡಿನ ಹುಚ್ಚಿನವರಿಗಾದರೂ ನಿಕರ್‌ಬಾಕರ್ಸ್ ಹೆಸರು ಗೊತ್ತಾಯಿತು.

ಅವರಿಗೆ ಕನಿಷ್ಠ ರೆಕಾರ್ಡಿನ ಮೇಲೆ ತಮ್ಮ ಹೆಸರಿತ್ತು. ಮುಂಬಯಿಯ ಮರಿಸಿಂಹಗಳಿಗೆ ಅದೂ ಇರಲಿಲ್ಲ.

ಇನ್ನೊಬ್ಬರ ಕೂದಲು

ಅದೇ 1965ರಲ್ಲಿ ಶಮ್ಮಿ ಕಪೂರ್ ನಾಯಕನಾದ ‘ಜಾನ್ವರ್’ ಬಂತು. ನಿರ್ದೇಶನ ಭಪ್ಪಿ ಸೋನಿ. ನಾಯಕಿ ರಾಜಶ್ರೀ, ಕೊಲ್ಹಾಪುರದ ವಿ. ಶಾಂತಾರಾಮರ ಮಗಳು. ಈ ಚಿತ್ರ ಅಂದರೆ ನಮ್ಮ ಕಡೆ ಮೊದಲು ನೆನಪಾಗುವುದು ‘ಲಾಲ್ ಛಡಿ ಮೈದಾನ್ ಖಡಿ’. ಮದುವೆ ವರಾತಿನಲ್ಲಿ ಬ್ಯಾಂಡಿನವರು ಕ್ಲಾರಿನೆಟ್ ಎತ್ತಿದರೆ ಅಜ್ಜಂದಿರ ಕಾಲೂ ಅಲುಗಾಡುವ ಹಾಡು ಅದು.

ಅದೇ ಚಿತ್ರದಲ್ಲಿ ಇನ್ನೊಂದು ಹಾಡಿದೆ, ‘ದೇಖೋ ಅಬ್ ತೋ ಕಿಸೀಕೋ ನಹೀಂ ಹೈ ಖಬರ್’. ಹಾಡಿದವರು ಮೊಹಮ್ಮದ್ ರಫಿ ಮತ್ತು ಆಶಾ ಭೋಸ್ಲೆ. ಸಂಗೀತ ಶಂಕರ್-ಜೈಕಿಶನ್ ಅಂತಲೇ ದಾಖಲೆ. ಆದರೆ ಎರಡು ಸಾಲು ಕೇಳಿದರೆ ಸಾಕು, ‘ಐ ವಾಂಟ್ ಟು ಹೋಲ್ಡ್ ಯುವರ್ ಹ್ಯಾಂಡ್’ ಸೀರೆ ಉಟ್ಟು ಬಂದ ಹಾಗಿದೆ. ಮುಚ್ಚುಮರೆಯೂ ಇಲ್ಲ. ಪರದೆ ಮೇಲಿನ ವೇಷವೂ ಬೀಟಲ್ಸ್ ಮಾದರಿಯದೇ, ಹಣೆ ಮುಚ್ಚಿದ ಕೂದಲು ಸಮೇತ. ಅಲ್ಲಿ ವಾದ್ಯ ಹಿಡಿದು ಕಾಣಿಸಿಕೊಂಡವರೂ ಇದೇ ಟೆಡ್ ಲಯನ್ಸ್ ಮತ್ತು ಮರಿಗಳು.

ಮುಂಬಯಿ ಸಿನಿಮಾದವರಿಗೆ ಬೇಕಾದದ್ದು ಬೀಟಲ್ಸ್. ಬೀಟಲ್ಸ್ ಸಿಗುವುದಿಲ್ಲ. ಸಿಗುವವರಿಗೆ ವೇಷ ಕಟ್ಟಿಸಿದರಾಯಿತು. ಕೆಲಸ ಸಿಕ್ಕದ್ದು ನಕಲಿನಿಂದ, ಅದನ್ನು ಅಲ್ಲಗಳೆಯುವಂತಿಲ್ಲ.

ಇಲ್ಲೊಂದು ಗಮ್ಮತ್ತು. ಮುಂಬಯಿಯಲ್ಲಿ ಹಿಂಗ ಬೀಟಲ್ಸ್ ವೇಷ ಕಟ್ಟುತ್ತಿದ್ದ ಅದೇ 1965ರ ಅಕ್ಟೋಬರಿನಲ್ಲಿ ಲಂಡನ್ನಿನಲ್ಲಿ ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ ಸಿತಾರ್ ಹಿಡಿದು ‘ನಾರ್ವೇಜಿಯನ್ ವುಡ್’ ಹಾಡಿಗೆ ಬಾರಿಸುತ್ತಿದ್ದ. ಇವರು ಅವರ ಗಿಟಾರಿಗೆ, ಅವರು ಇವರ ಸಿತಾರಿಗೆ. ಅವರು ಮಾಡಿದ್ದಕ್ಕೆ ಪ್ರಯೋಗ ಅನ್ನುವ ಹೆಸರು ಬಂತು, ಇವರು ಮಾಡಿದ್ದಕ್ಕೆ ಕಾಪಿ ಅಂತ.

ಈ ಸಲ ಮುಖವಾಡ

ಈಗ ‘ಗುಮ್‌ನಾಮ್’ಗೆ ಬರೋಣ. ನಿರ್ದೇಶಕ ರಾಜಾ ನವಾಥೆ. 1953ರಲ್ಲಿ ರಾಜ್ ಕಪೂರ್‌ನ ‘ಆಹ್’ ನಿರ್ದೇಶಿಸಿದವರು. ಕಥೆಯ ಮೂಲ ಅಗಾಥಾ ಕ್ರಿಸ್ಟಿಯ 1939ರ ಕಾದಂಬರಿ. ಲತಾ ಹಾಡಿದ ‘ಗುಮ್‌ನಾಮ್ ಹೈ ಕೋಯಿ’ ಹಾಡಿನ ಮೂಲ ಹೆನ್ರಿ ಮಾನ್ಸಿನಿಯ ‘ಶರಾಡ್’ ಚಿತ್ರದ ಧಾಟಿ. ಅಂದರೆ ಈ ಚಿತ್ರದಲ್ಲೂ ಎರವಲು ಸಾಕಷ್ಟಿದೆ.

ಆದರೆ ‘ಜಾನ್ ಪೆಹಚಾನ್ ಹೋ’ ಅಂಥದ್ದಲ್ಲ. ಬರೆದವರು ಶೈಲೇಂದ್ರ, ಹಾಡಿದವರು ರಫಿ. ಇಂಗ್ಲಿಷ್ ಗಿಟಾರಿನ ವೇಗ ಇದೆ, ಅಮೆರಿಕದ ರಾಕ್ ಆ್ಯಂಡ್ ರೋಲ್ ಗಾಳಿ ಇದೆ, ಅದರ ಮೇಲೆ ಮುಂಬಯಿಯ ಹಿತ್ತಾಳೆ ವಾದ್ಯಗಳ ಅಬ್ಬರ. ಇದು ಇಂಥ ಹಾಡಿನದು ಅಂತ ಬೆರಳಿಟ್ಟು ತೋರಿಸುವ ಹಾಗಿಲ್ಲ. ನೈಟ್ ಕ್ಲಬ್ಬಿನ ದೃಶ್ಯ. ಹೊಂಬಣ್ಣದ ಝಾಲರಿನ ಉಡುಪು ತೊಟ್ಟ ಲಕ್ಷ್ಮೀ ಛಾಯಾ ಕುತ್ತಿಗೆ ಕಳಚಿ ಬೀಳುತ್ತದೋ ಅನ್ನುವ ಹಾಗೆ ತಲೆ ಕುಣಿಸುತ್ತಾಳೆ. ರಫಿಯ ದನಿಗೆ ತುಟಿ ಆಡಿಸುವವನು ಹರ್ಮನ್ ಬೆಂಜಮಿನ್, ಈ ಕುಣಿತ ಸಂಯೋಜಿಸಿದವನೂ ಅವನೇ. ಕುಣಿಯುವವರ ಕಣ್ಣಿಗೆಲ್ಲ ಕಪ್ಪು ಮುಖವಾಡ. ಹಾಡು ಮುಗಿದ ಮೇಲೆ ಕ್ಲಬ್ಬಿನಲ್ಲಿ ಚೀಟಿ ಎತ್ತುತ್ತಾರೆ, ಗೆದ್ದವರು ವಿಮಾನ ಹತ್ತುತ್ತಾರೆ, ಮುಂದೆ ಕೊಲೆಗಳು ಶುರು. ಕಥೆಗೂ ಈ ಬ್ಯಾಂಡಿಗೂ ಸಂಬಂಧವೇ ಇಲ್ಲ. ತೆರೆ ಸರಿಯಿತು, ಬ್ಯಾಂಡೂ ಸರಿಯಿತು.

ಒಂದೇ ವರ್ಷ ಎರಡು ಸಿನಿಮಾ. ಒಂದರಲ್ಲಿ ಲಿವರ್‌ಪೂಲಿನವರ ಕೂದಲು, ಇನ್ನೊಂದರಲ್ಲಿ ಮುಖವಾಡದವರ ಮೇಳ. ಸಾಲದ್ದಕ್ಕೆ ಸಿನಿಮಾದ ಹೆಸರೇ ‘ಹೆಸರಿಲ್ಲದವನು’.

ಲೆಕ್ಕದ ಪುಸ್ತಕದಲ್ಲಿ ಯಾರು?

ಹಿಂದಿ ಸಿನಿಮಾದ ಹಾಡು ಹೇಗೆ ತಯಾರಾಗುತ್ತಿತ್ತು ಅನ್ನುವುದು ತಿಳಿದರೆ ಹೆಸರು ಎಲ್ಲಿ ಜಾರಿತು ಅನ್ನುವುದೂ ತಿಳಿಯುತ್ತದೆ. ಸಂಗೀತ ನಿರ್ದೇಶಕ ಧಾಟಿ ಕೊಡುತ್ತಾನೆ. ಅರೇಂಜರ್ ಅದನ್ನು ಹಾಳೆಯ ಮೇಲೆ ಸ್ವರಲಿಪಿಯಾಗಿಸಿ ಯಾವ ವಾದ್ಯ ಎಲ್ಲಿ ಬರಬೇಕು ಅಂತ ಹಂಚುತ್ತಾನೆ. ಶಂಕರ್-ಜೈಕಿಶನ್ ಹಾಡುಗಳಿಗೆ ಎರಡು ದಶಕ ಆ ಕೆಲಸ ಮಾಡಿದವರು ಗೋವೆಯ ಸೆಬಾಸ್ಟಿಯನ್ ಡಿಸೋಜಾ. ದೇಶ ವಿಭಜನೆಗೆ ಮೊದಲು ಲಾಹೋರಿನಲ್ಲಿ ಬ್ಯಾಂಡು ನಡೆಸಿದವರು. ತಾಳದ ಕಡೆ ನೋಡಿಕೊಂಡವರು ದತ್ತಾರಾಮ್. ಪಿಟೀಲು, ಟ್ರಂಪೆಟ್, ಸ್ಯಾಕ್ಸೊಫೋನ್ ಬಾರಿಸುವವರಲ್ಲಿ ಗೋವೆಯ ಕ್ರೈಸ್ತರದೇ ದೊಡ್ಡ ಪಾಲು. ಊರಿನ ಚರ್ಚ್ ಶಾಲೆಯಲ್ಲಿ ಸ್ವರಲಿಪಿ ಓದಲು ಕಲಿತದ್ದು ಮುಂಬಯಿಯಲ್ಲಿ ಅನ್ನ ಕೊಟ್ಟಿತು. ಹಗಲು ಸ್ಟುಡಿಯೊ, ರಾತ್ರಿ ಹೋಟೆಲ್.

ರೆಕಾರ್ಡಿಂಗಿಗೆ ಬಂದವರಿಗೆ ಆ ದಿನದ ದುಡ್ಡು, ಅಲ್ಲಿಗೆ ಲೆಕ್ಕ ಚುಕ್ತಾ. ರೆಕಾರ್ಡಿನ ಮೇಲೆ ಗಾಯಕ, ಸಂಗೀತಗಾರ, ಗೀತಕಾರ, ಸಿನಿಮಾ, ಇಷ್ಟೇ ಹೆಸರು. ಶೂಟಿಂಗಿನಲ್ಲಿ ಅದೇ ಹಾಡನ್ನು ಗಟ್ಟಿಯಾಗಿ ಹಾಕುತ್ತಾರೆ, ಪರದೆಯ ಬ್ಯಾಂಡು ಅದಕ್ಕೆ ಕೈ ಆಡಿಸುತ್ತದೆ. ಕೇಳುವವರಿಗೆ ಬಾರಿಸಿದವರು ಕಾಣುವುದಿಲ್ಲ, ನೋಡುವವರಿಗೆ ಕಂಡವರ ಹೆಸರು ಸಿಗುವುದಿಲ್ಲ. ಈ ಮರೆತವರ ಬೆನ್ನು ಹತ್ತಿ ಗ್ರೆಗರಿ ಬೂತ್ 2008ರಲ್ಲಿ ‘ಬಿಹೈಂಡ್ ದಿ ಕರ್ಟನ್’ ಪುಸ್ತಕ ತಂದ ಮೇಲೆ ಹಲವು ಹೆಸರು ಬೆಳಕಿಗೆ ಬಂದವು.

ಬುಧವಾರ ರಾತ್ರಿ ರೇಡಿಯೊ ಸಿಲೋನಿನ ಬಿನಾಕಾ ಗೀತಮಾಲಾಕ್ಕೆ ಕಿವಿ ಹಚ್ಚಿ ಕೂತವರಿಗೂ ಅಮೀನ್ ಸಯಾನಿಯ ದನಿಯಲ್ಲಿ ಕೇಳಿದ್ದು ಗಾಯಕರ ಹೆಸರು, ಸಿನಿಮಾದ ಹೆಸರು. ಗಿಟಾರಿನವನ ಹೆಸರು ಯಾರು ಹೇಳಬೇಕು?

ಹಂಗಂತ ಗಾಯಕರ ಪಾಡೂ ಹಾಲುತುಪ್ಪವಲ್ಲ. ರೆಕಾರ್ಡು ಮಾರಾಟದಲ್ಲಿ ಗಾಯಕರಿಗೂ ರಾಯಲ್ಟಿ ಪಾಲು ಬೇಕು ಅಂತ ಲತಾ ಮಂಗೇಶಕರ್ ಪಟ್ಟು ಹಿಡಿದರು. ಹಾಡಿದೆ, ದುಡ್ಡು ತಗೊಂಡೆ, ಅಲ್ಲಿಗೆ ಮುಗೀತು ಅನ್ನುವುದು ರಫಿ ನಿಲುವು. 1960ರ ದಶಕದಲ್ಲಿ ಇದೇ ಕಾರಣಕ್ಕೆ ಇಬ್ಬರೂ ಕೆಲ ವರ್ಷ ಜೋಡಿಯಾಗಿ ಹಾಡಲಿಲ್ಲ. ‘ಗುಮ್‌ನಾಮ್’ನಲ್ಲೂ ನೋಡಿ, ಲತಾ ಇದ್ದಾರೆ, ರಫಿ ಇದ್ದಾರೆ, ಇಬ್ಬರ ಯುಗಳಗೀತೆ ಇಲ್ಲ. ರಫಿ ಜೊತೆ ‘ಜಾನೆ ಚಮನ್ ಶೋಲಾ ಬದನ್’ ಹಾಡಿದ್ದು ಶಾರದಾ. ಲತಾ ಅಂಥವರೇ ಜಗಳಾಡಬೇಕಾದ ಕಡೆ ಬ್ಯಾಂಡಿನ ಹುಡುಗರು ಬಾಯಿ ಬಿಡುವ ಮಾತೆಲ್ಲಿ?

ಕಾನೂನೂ ಆಗ ಅವರ ಕಡೆ ಇರಲಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಹಾಡುವವರಿಗೆ, ಬಾರಿಸುವವರಿಗೆ ಹಕ್ಕು ಅಂತ ಏನೂ ಇರಲಿಲ್ಲ. 1977ರಲ್ಲಿ ಸುಪ್ರೀಂ ಕೋರ್ಟಿಗೆ ಬಂದ ಸಿನಿಮಾ ಸಂಗೀತದ ರಾಯಲ್ಟಿ ಪ್ರಕರಣದಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ತೀರ್ಪಿಗೆ ಸೇರಿಸಿದ ಟಿಪ್ಪಣಿಯಲ್ಲಿ ಇದೇ ಕೊರತೆ ಎತ್ತಿ ತೋರಿಸಿದರು. ಪ್ರದರ್ಶಕರಿಗೆ ಹಕ್ಕು ಬಂದದ್ದು 1994ರ ತಿದ್ದುಪಡಿಯಲ್ಲಿ. ಇದನ್ನು ಬಾರಿಸಿದವ ನಾನು ಅಂತ ಹೇಳಿಕೊಳ್ಳುವ ಹಕ್ಕು 2012ರ ತಿದ್ದುಪಡಿಯಲ್ಲಿ ಬಂತು. ಅದರಲ್ಲೂ ಒಂದು ಗಂಟು. ಸಿನಿಮಾದಲ್ಲಿ ಸುಮ್ಮನೆ ಬಂದು ಹೋಗುವವರು, ವಾಡಿಕೆಯಂತೆ ಟೈಟಲ್ಲಿನಲ್ಲಿ ಹೆಸರು ಬಾರದವರು ಕಾಯ್ದೆಯ ಲೆಕ್ಕದಲ್ಲಿ ‘ಪ್ರದರ್ಶಕ’ರೇ ಅಲ್ಲ. ತಮ್ಮ ಕೆಲಸವನ್ನು ಯಾರಾದರೂ ತಿರುಚಿ ಮಾನ ಕಳೆದರೆ ಆಕ್ಷೇಪಿಸಬಹುದು, ಅಷ್ಟೇ. ಹೆಸರು ಇಲ್ಲದ್ದಕ್ಕೆ ಹಕ್ಕಿಲ್ಲ, ಹಕ್ಕಿಲ್ಲದ್ದಕ್ಕೆ ಹೆಸರಿಲ್ಲ!

ಮೂವತ್ತಾರು ವರ್ಷದ ನಂತರ

2001ರಲ್ಲಿ ಟೆರಿ ಜ್ವಿಗಾಫ್ ನಿರ್ದೇಶನದ ಅಮೆರಿಕನ್ ಚಿತ್ರ ‘ಘೋಸ್ಟ್ ವರ್ಲ್ಡ್’ ಬಂತು. ಡೇನಿಯಲ್ ಕ್ಲೋಸ್‌ನ ಚಿತ್ರಕಥೆ ಪುಸ್ತಕ ಆಧರಿಸಿದ್ದು. ಶುರುವಿನಲ್ಲೇ ‘ಜಾನ್ ಪೆಹಚಾನ್ ಹೋ’! ಯಾರೊಡನೆಯೂ ಹೊಂದಿಕೊಳ್ಳದ ಈನಿಡ್ ಎಂಬ ಹುಡುಗಿ ತನ್ನ ಕೋಣೆಯಲ್ಲಿ ಒಬ್ಬಳೇ, ಟಿವಿಯಲ್ಲಿ ಲಕ್ಷ್ಮೀ ಛಾಯಾಳನ್ನು ನೋಡುತ್ತ ಅವಳ ಹಾಗೇ ಕುಣಿಯುತ್ತಾಳೆ. ಥೋರಾ ಬರ್ಚ್ ಮಾಡಿದ ಪಾತ್ರ. ಹಿಂದಿಯ ಗಂಧಗಾಳಿ ಇಲ್ಲದವರೂ ಯಾವ ಹಾಡಿದು ಅಂತ ಹುಡುಕತೊಡಗಿದರು. 2011ರಲ್ಲಿ ಹೈನೆಕೆನ್ ಬಿಯರಿನ ಜಾಹೀರಾತು ಇದೇ ಹಾಡನ್ನು ಎತ್ತಿಕೊಂಡಿತು, ಹಾಡು ಇನ್ನಷ್ಟು ದೇಶ ತಿರುಗಿತು.

ಬೀಟಲ್ಸ್ ಧಾಟಿಯ ‘ದೇಖೋ ಅಬ್ ತೋ’ ಹಾಡನ್ನು ಇವತ್ತು ಹುಡುಕುವವರು ನಗುವುದಕ್ಕೆ ಹುಡುಕುತ್ತಾರೆ, ‘ನೋಡು, ನಮ್ಮವರು ಹೆಂಗ ಕಾಪಿ ಹೊಡೆದಿದ್ದಾರೆ’ ಅಂತ. ‘ಜಾನ್ ಪೆಹಚಾನ್ ಹೋ’ ಹುಡುಕುವವರು ಕುಣಿಯುವುದಕ್ಕೆ ಹುಡುಕುತ್ತಾರೆ. ಎರಡರಲ್ಲೂ ಅದೇ ಹುಡುಗರು. ಈನಿಡ್ ಕೂಡ ನಕಲು ಮಾಡುತ್ತಿದ್ದಾಳೆ, ಆದರೆ ಬೀಟಲ್ಸ್‌ದಲ್ಲ, ಮುಂಬಯಿಯದು.

ಹಾಡಿಗೆ ಈ ಎರಡನೇ ಜನ್ಮ ಬರುವ ಹೊತ್ತಿಗೆ ಅದನ್ನು ಮಾಡಿದವರು ಹೆಚ್ಚು ಕಡಿಮೆ ಹೋಗಿದ್ದರು. ಶೈಲೇಂದ್ರ 1966ರಲ್ಲೇ ತೀರಿಕೊಂಡರು, ಜೈಕಿಶನ್ 1971ರಲ್ಲಿ, ರಫಿ 1980ರಲ್ಲಿ, ಶಂಕರ್ 1987ರಲ್ಲಿ. ಲಕ್ಷ್ಮೀ ಛಾಯಾ 1971ರ ‘ಮೇರಾ ಗಾಂವ್ ಮೇರಾ ದೇಶ್’ನಲ್ಲಿ ‘ಮಾರ್ ದಿಯಾ ಜಾಯೆ’ ಹಾಡಿಗೆ ಕುಣಿದು ಮತ್ತೊಮ್ಮೆ ಹೆಸರಾದವಳು, ನಾಯಕಿ ಪಟ್ಟ ಸಿಗಲಿಲ್ಲ, 2004ರಲ್ಲಿ ಹೋದಳು. ‘ಘೋಸ್ಟ್ ವರ್ಲ್ಡ್’ ಹಾಡುಗಳ ಸಿಡಿಯಲ್ಲಿ ಈ ಹಾಡಿನ ಎದುರು ಬಂದ ಹೆಸರು ಮೊಹಮ್ಮದ್ ರಫಿ. ಅದು ಸರಿಯೇ, ಹಾಡಿದ್ದು ಅವರೇ.

ಮರಿಸಿಂಹಗಳ ಹೆಸರು ಈಗಲೂ ಅಲ್ಲೇ ಇದೆ, ಡ್ರಮ್ಮಿನ ಚರ್ಮದ ಮೇಲೆ. ಕಣ್ಣು ಲಕ್ಷ್ಮೀ ಛಾಯಾಳ ಕಡೆ ಹೋಗುವುದರಿಂದ ಬಹಳಷ್ಟು ಮಂದಿಗೆ ಕಾಣುವುದಿಲ್ಲ. ಮೊಮ್ಮಕ್ಕಳು ಮೊಬೈಲಿನಲ್ಲಿ ಈ ಹಾಡು ಹಚ್ಚಿದಾಗ ಒಂದು ಕ್ಷಣ ನಿಲ್ಲಿಸಿ ಓದಿಸಬಹುದು. ಅಕ್ಷರ ದಪ್ಪಗಿವೆ.